ಅಂಕಿತವೂ ಅಪ್ಪಣೆಯೂ

ನೆರೆಮನೆಯಿಂದ ಎರವಾಗಿ ತಂದ ಕಂಚಿನ ಉರುಳಿಯನ್ನು ಕಾರ್ಯ ತೀರಿದೊಡನೆ ಬೆಳಗಿ, ಬರಿದಾಗಿ ಒಪ್ಪಿಸಬಾರದೆಂದು ನಾಲ್ಕಚ್ಚು ಬೆಲ್ಲವನ್ನಿಟ್ಟು ಮರಳಿಸುವ ಗೃಹಿಣಿಯರು ನಮ್ಮ ಮಂಗಳೂರಿನಲ್ಲಿ ಇಂದಿಗೂ ಇದ್ದಾರೆ. ಪಾತ್ರೆಯ ಕಂಠದಲ್ಲಿ ಯಜಮಾನನ ಹೆಸರಿನ ಮೊದಲಕ್ಷರಗಳನ್ನು ಕೊರೆಯಿಸಿಡುವ ರೂಢಿಯೂ ಹಳೆಯ ಮನೆಗಳಲ್ಲಿ ಉಂಟು. ಹೀಗೆ ಪಾತ್ರೆಪಗಡಗಳ ವಿಷಯದಲ್ಲಿ ಇಷ್ಟು ಸೂಕ್ಷ್ಮವಾದ ನಮ್ಮ ಧರ್ಮಬುದ್ಧಿಯು, ಹಾಡಿನ, ಕಥೆಯ, ಪ್ರಸಂಗದ ವಿಷಯ ಬಂದಾಗ ಅಷ್ಟೇ ಸೂಕ್ಷ್ಮವಾಗಿ ಉಳಿಯುವುದಿಲ್ಲ. ಅಲ್ಲಿ ನಾವು ಅತ್ತೆಯ ಸೊತ್ತನ್ನು ಅಳಿಯನು ದಾನಮಾಡಿದಂತೆ ಉದಾರಿಗಳಾಗುತ್ತೇವೆ. ಇದೇಕೆ ಹೀಗೆ ಎಂಬ ವಿಚಾರವನ್ನು ನನ್ನ ತಲೆಗೆ ಹೊಗಿಸಿದವರು ಇಬ್ಬರು. ಒಬ್ಬನು ಇಪ್ಪತ್ತರ ಹರೆಯದ ನನ್ನ ಸೋದರಳಿಯ. ಇನ್ನೊಬ್ಬರು ಎಂಬತ್ತನ್ನು ದಾಟಿದ ಒಬ್ಬ ವೃದ್ಧೆ. ಒಬ್ಬರನ್ನೊಬ್ಬರು ಕಂಡರಿಯದ ಇವರಿಬ್ಬರೂ ಎತ್ತಿದ ಪ್ರಶ್ನೆ ಒಂದೇ ಆಗಿತ್ತೆಂಬುದು ನನಗೆ ಹೊಳೆದದ್ದು ತರುವಾಯ.

ಸೋದರಳಿಯನ ಸಂಗತಿಯನ್ನು ಮೊದಲು ಹೇಳುವೆನು. ಭಾನುವಾರಗಳಂದು ಅವನೂ ಅವನ ನಾಲ್ವರು ಗೆಳೆಯರೂ ಮಾಳಿಗೆಯ ಮೇಜಿನ ಸುತ್ತ ಕುಳಿತು ಒಂದು ಆಟವನ್ನು ಆಡುತ್ತಾರೆ. ಡಂಜನ್ಸ್ ಅಂಡ್ ಡ್ರಾಗನ್ಸ್ ಎಂದು ಅದರ ಹೆಸರು. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ಅಮೆರಿಕದಲ್ಲಿ 1974ರಲ್ಲಿ ಅದನ್ನು ಪ್ರಕಟಿಸಿದರು. ಅಲ್ಲಿ ಚದುರಂಗದಂತೆ ಕಾಯಿಗಳನ್ನು ಕೊಲ್ಲುವುದೇ ಮುಖ್ಯವಲ್ಲ. ಒಬ್ಬನು ಕಥೆಯ ಸೂತ್ರವನ್ನು ಹಿಡಿದು ಸನ್ನಿವೇಶವನ್ನು ವರ್ಣಿಸುವನು. ಉಳಿದವರು ಒಬ್ಬೊಬ್ಬ ಪಾತ್ರವಾಗಿ, ಆ ಪಾತ್ರದ ಬಾಯಿಂದಲೇ ಮಾತಾಡುವರು. ಸಂಶಯದ ಗಳಿಗೆಯಲ್ಲಿ ಇಪ್ಪತ್ತು ಮುಖಗಳ ಒಂದು ದಾಳವನ್ನು ಉರುಳಿಸಿ ಫಲವನ್ನು ನಿರ್ಣಯಿಸುವರು. ಒಂದು ದಿನ ಬಾಗಿಲ ಬಳಿ ನಿಂತು ಇದನ್ನು ಆಲಿಸಿದ ನನಗೆ ಹೊಸತೇನೂ ತೋರಲಿಲ್ಲ. ಇದು ತಾಳಮದ್ದಳೆಯೇ ಸರಿ! ವೇಷವಿಲ್ಲ, ಕುಣಿತವಿಲ್ಲ, ರಂಗಸ್ಥಳವಿಲ್ಲ. ಸೂತ್ರ ಹಿಡಿದವನು ಭಾಗವತ, ಸುತ್ತ ಕುಳಿತವರು ಅರ್ಥಧಾರಿಗಳು, ಎದುರಿಗಿರುವ ಪುಸ್ತಕವೇ ಪ್ರಸಂಗ. ನಮ್ಮಲ್ಲಿ ಕರ್ಣನು ಎಷ್ಟು ಚೆನ್ನಾಗಿ ಮಾತಾಡಿದರೂ ಕೊನೆಗೆ ಸಾಯಲೇಬೇಕು. ಅವರಲ್ಲಿ ದಾಳ ಬಿದ್ದಂತೆ ಕಥೆ. ಇಷ್ಟೇ ಭೇದ. ಆದರೂ ದೇರಾಜೆ ಸೀತಾರಾಮಯ್ಯನವರ ಅಥವಾ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥವನ್ನು ಕೇಳಿದವರು, ಈ ಸಲ ವಾಲಿಯೇ ಗೆದ್ದಾನೇನೋ ಎಂದು ಅರೆಗಳಿಗೆ ನಂಬಿದ್ದುಂಟು.

ಇಂಥ ಆಟಗಳ ಗುಣವೇನೆಂದರೆ, ಆಡುತ್ತ ಆಡುತ್ತ ಆಡುವವನೇ ಬರೆಯುವವನಾಗುತ್ತಾನೆ. ನಮ್ಮಲ್ಲಿ ಭಾಗವತರೂ ಅರ್ಥಧಾರಿಗಳೂ ಶಾಲೆಯ ಉಪಾಧ್ಯಾಯರೂ ಪ್ರಸಂಗಗಳನ್ನು ಕಟ್ಟಿದ್ದು ಹೀಗೆಯೇ. ಸೋದರಳಿಯನಿಗೂ ಆ ಚಟ ಹತ್ತಿತು. ಉಳ್ಳಾಲದ ಅಬ್ಬಕ್ಕ ರಾಣಿಯ ಕಾಲವನ್ನು ಹಿಡಿದು, ನೇತ್ರಾವತಿಯ ಅಳಿವೆಯಲ್ಲಿ ಪೋರ್ಚುಗೀಸರ ಹಡಗುಗಳು ಬೀಡುಬಿಟ್ಟಿರುವಾಗ ಕಡಲಾಚೆಗೆ ಮೆಣಸಿನ ಮೂಟೆಗಳನ್ನು ಸಾಗಿಸುವ ಒಂದು ಕಥೆಯನ್ನು ಅವನು ಕನ್ನಡದಲ್ಲಿ ರಚಿಸಿದನು. ಇನ್ನೂರು ಪ್ರತಿಗಳನ್ನು ಅಚ್ಚುಹಾಕಿಸಬೇಕೆಂದು ಅವನ ಹವಣು. ಕಾಗದಗಳನ್ನು ನನ್ನ ಮುಂದಿರಿಸಿ, “ಮಾವಾ, ಕಥೆ ನನ್ನದು, ಮಾತು ನನ್ನದು. ಆದರೆ ಆಟ ಅವರದು. ಮುಖಪುಟದ ಮೇಲೆ ಆ ಆಟದ ಹೆಸರನ್ನು ಹಾಕಬಹುದೇ?” ಎಂದು ಕೇಳಿದನು.

ಈ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ. ಅವನ್ನು ಬಿಡಿಸದೆ ಉತ್ತರ ಸಿಗದು. ಮೊದಲನೆಯದು ಕೃತಿಸ್ವಾಮ್ಯ. ನಮ್ಮ ದೇಶದಲ್ಲಿ 1957ರ ಕಾಯಿದೆಯಂತೆ ಬರೆದವನ ಬರಹವು ಅವನ ಆಯುಷ್ಯವಿರುವಷ್ಟು ಕಾಲವೂ, ಅವನು ತೀರಿಕೊಂಡ ಮರುವರ್ಷದ ಮೊದಲಿನಿಂದ 60 ವರ್ಷಗಳ ಪರ್ಯಂತವೂ ಅವನ ಮತ್ತು ಅವನ ಹಕ್ಕುದಾರರ ಸೊತ್ತು. ಆದರೆ ಕಾಯಿದೆಯು ಕಾಯುವುದು ಕಲ್ಪನೆಯನ್ನಲ್ಲ, ಕಲ್ಪನೆಗೆ ಕೊಟ್ಟ ರೂಪವನ್ನು. 1978ರಲ್ಲಿ ಒಂದು ನಾಟಕಕ್ಕೂ ಒಂದು ಚಲಚ್ಚಿತ್ರಕ್ಕೂ ನಡೆದ ವ್ಯಾಜ್ಯದಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ಇದನ್ನು ಸ್ಪಷ್ಟಪಡಿಸಿದೆ. ಎರಡನೆಯದು ಟ್ರೇಡ್‌ಮಾರ್ಕ್ ಎಂಬ ವ್ಯಾಪಾರಮುದ್ರೆ. ಇದು ಬರಹಕ್ಕಲ್ಲ, ಹೆಸರಿಗೆ ಮತ್ತು ಗುರುತಿಗೆ ಇರುವ ಕಾವಲು. ಹತ್ತು ಹತ್ತು ವರ್ಷಕ್ಕೆ ನವೀಕರಿಸುತ್ತ ಹೋದರೆ ಇದಕ್ಕೆ ಮುಪ್ಪೇ ಇಲ್ಲ.

ಈ ಭೇದವು ನಮ್ಮ ಊರಿನವರಿಗೆ ಹಂಚಿನಿಂದಲೇ ತಿಳಿಯತಕ್ಕದ್ದು. ಬಾಸೆಲ್ ಮಿಶನಿನವರು ಜೆಪ್ಪಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ಕೆಲವೇ ವರ್ಷಗಳಲ್ಲಿ ಇತರರೂ ಅದೇ ಆವೆಮಣ್ಣಿನಿಂದ ಅದೇ ಆಕಾರದ ಹಂಚುಗಳನ್ನು ಸುಡತೊಡಗಿದರು. ಇಂದು ಮಂಗಳೂರು ಹಂಚು ಎಂಬುದು ಒಂದು ಜಾತಿಯ ಹೆಸರು, ಅದಕ್ಕೆ ಒಡೆಯನಿಲ್ಲ. ಆದರೆ ಮಾಡಿನಿಂದ ಒಂದು ಹಳೆಯ ಹಂಚನ್ನಿಳಿಸಿ ಮಗುಚಿ ನೋಡಿದರೆ, ಅದರ ಬೆನ್ನಿನಲ್ಲಿ ಸುಟ್ಟವರ ಹೆಸರು ಅಚ್ಚೊತ್ತಿರುತ್ತದೆ. ಹಂಚನ್ನು ಯಾರೂ ಸುಡಬಹುದು, ಇನ್ನೊಬ್ಬರ ಅಚ್ಚನ್ನು ಮಾತ್ರ ಒತ್ತಬಾರದು. ಹಂಚು ಸೋರಿದರೆ ಯಾರನ್ನು ಕೇಳಬೇಕೆಂದು ಕೊಂಡವನಿಗೆ ತಿಳಿಯಬೇಕಷ್ಟೆ?

ಆ ಆಟದ ಚರಿತ್ರೆಯಲ್ಲಿಯೂ ಈ ಪಾಠವೇ ಇದೆ. ಅದನ್ನು ಮೊದಲು ಪ್ರಕಟಿಸಿದವರು ಟೋಲ್ಕಿನ್ನರ ಕಾದಂಬರಿಯಿಂದ ಹಾಬಿಟ್ ಎಂಬ ಕುಳ್ಳರ ಹೆಸರನ್ನು ಎತ್ತಿಕೊಂಡಿದ್ದರು; ಆ ಹೆಸರಿನ ಹಕ್ಕುದಾರರು ಆಕ್ಷೇಪಿಸಲು, ಅದನ್ನು ಹಾಫ್‌ಲಿಂಗ್ ಎಂದು ಬದಲಿಸಬೇಕಾಯಿತು. ಕಡ ತಂದು ಬೆಳೆದವರು ಬೆಳೆದ ಮೇಲೆ ತಮ್ಮ ಬೇಲಿಯನ್ನು ಬಿಗಿಮಾಡುವುದು ಲೋಕರೂಢಿ. ಆಟವು 1997ರಲ್ಲಿ ವಿಝರ್ಡ್ಸ್ ಆಫ್ ದ ಕೋಸ್ಟ್ ಎಂಬ ಕಂಪೆನಿಯ ಕೈಸೇರಿತು. ಆ ಕಂಪೆನಿಯವರು 2000ದಲ್ಲಿ ಒಂದು ಬಹಿರಂಗ ಅಪ್ಪಣೆಯನ್ನು ಹೊರಡಿಸಿದರು: ಆಟದ ನಿಯಮಗಳ ಈ ಇಷ್ಟು ಪಾಠವನ್ನು ಯಾರೂ ಬಳಸಿ, ಹೊಸ ಕಥೆಗಳನ್ನು ಬರೆದು ಮಾರಬಹುದು, ಆದರೆ ಆಟದ ಹೆಸರನ್ನೂ ಕೆಲವು ಹೆಸರಾಂತ ಪಾತ್ರಗಳನ್ನೂ ರಾಕ್ಷಸರನ್ನೂ ಮುಟ್ಟಕೂಡದು. ಅರ್ಥಾತ್, ಹಂಚನ್ನು ಸುಡಿರಿ, ಅಚ್ಚನ್ನು ಒತ್ತಬೇಡಿರಿ. ಈ ಮಾತನ್ನು ನಂಬಿ ಎಷ್ಟೋ ಮಂದಿ ಬರೆದರು, ಸಣ್ಣಪುಟ್ಟ ಪ್ರಕಾಶನಗಳನ್ನು ತೆರೆದರು, ಅದರಿಂದಲೇ ಜೀವನವನ್ನು ಸಾಗಿಸಿದರು.

2023ರ ಜನವರಿಯಲ್ಲಿ ಅವರೆಲ್ಲರ ಎದೆ ಹಾರಿತು. ಹಳೆಯ ಅಪ್ಪಣೆಯನ್ನು ಹಿಂತೆಗೆದು, ವರ್ಷಕ್ಕೆ 7,50,000 ಡಾಲರಿಗೆ ಮಿಕ್ಕ ವರಮಾನವುಳ್ಳವರಿಂದ ಪಾಲು ಕೇಳುವ ಹೊಸ ಕರಾರಿನ ಕರಡೊಂದು ಹೊರಬಿದ್ದಿತು. ಇಪ್ಪತ್ತೆರಡು ವರ್ಷಗಳಿಂದ ಮನೆಕಟ್ಟಿಕೊಂಡಿದ್ದ ಒಕ್ಕಲಿಗೆ ಧಣಿಯು ಒಮ್ಮೆಲೆ ಗೇಣಿಚೀಟಿಯನ್ನು ಹರಿದಂತೆ ಇದಾಯಿತು. ಆಡುವವರು ಕಂಪೆನಿಯ ಚಂದಾವನ್ನು ಬಿಟ್ಟರು. ಹದಿನೈದು ಸಾವಿರಕ್ಕೂ ಹೆಚ್ಚು ಮಂದಿ ತಮ್ಮ ಅಭಿಪ್ರಾಯವನ್ನು ಬರೆದು ಕಳುಹಿಸಿದರು. ಆ ತಿಂಗಳ 27ನೆಯ ತಾರೀಕಿಗೆ ಕಂಪೆನಿಯು ಹಿಮ್ಮೆಟ್ಟಿತು. ಹಳೆಯ ಅಪ್ಪಣೆ ಹಾಗೆಯೇ ಇರಲೆಂದಿತು. ಅಷ್ಟೇ ಅಲ್ಲದೆ ನಿಯಮಗಳ ಆ ಪಾಠವನ್ನು ಕ್ರಿಯೇಟಿವ್ ಕಾಮನ್ಸ್ ಎಂಬ, ಮತ್ತೆ ಹಿಂತೆಗೆಯಲು ಬಾರದ ಕರಾರಿನಲ್ಲಿ ಲೋಕಕ್ಕೆ ಬಿಟ್ಟುಕೊಟ್ಟಿತು. ಕೇಳುವುದು ಹೇಗೆ ಧರ್ಮವೋ, ಕೊಟ್ಟ ಮಾತಿಗೆ ನಿಲ್ಲುವುದೂ ಹಾಗೆಯೇ ಧರ್ಮ. ಅಪ್ಪಣೆ ಕೊಡುವವನ ನಾಲಗೆ ಹೊರಳುವುದಾದರೆ ಕೇಳುವವನು ಏಕೆ ಕೇಳಿಯಾನು?

ಆದುದರಿಂದ ಸೋದರಳಿಯನ ಮುಂದೆ ಮೂರು ಬಾಗಿಲುಗಳಿದ್ದುವು. ಕ್ರಯವಿಲ್ಲದೆ ಹಂಚುವುದಾದರೆ ಕಂಪೆನಿಯು ಅಭಿಮಾನಿಗಳಿಗಾಗಿ ಮಾಡಿಟ್ಟ ನಿಬಂಧನೆಯಿದೆ. ಇದು ಕಂಪೆನಿಯದಲ್ಲವೆಂದು ಒಕ್ಕಣಿಸಿದರಾಯಿತು. ಕಂಪೆನಿಯೇ ಸಮ್ಮತಿಸಿದ ಅಂಗಡಿಯಲ್ಲಿ ಮಾರುವುದಾದರೆ ಅವರ ಕಲ್ಪಿತ ರಾಜ್ಯಗಳನ್ನೂ ಬಳಸಬಹುದು, ಆದರೆ ಬಂದ ಹಣದಲ್ಲಿ ಬರೆದವನಿಗೆ ಅರ್ಧವೇ. ತಾನೇ ಅಚ್ಚಿಸಿ ಮಾರುವುದಾದರೆ ಬಿಡುಗಡೆಯಾದ ಆ ಪಾಠವನ್ನು ಮಾತ್ರ ಆಧರಿಸಿ, ಋಣವನ್ನು ಒಂದು ವಾಕ್ಯದಲ್ಲಿ ಒಪ್ಪಿಕೊಂಡು, ಐದನೆಯ ಆವೃತ್ತಿಗೆ ಹೊಂದುತ್ತದೆ ಎಂದಷ್ಟೇ ಹೇಳಬಹುದು. ಅವನು ಮೂರನೆಯದನ್ನು ಆರಿಸಿದನು. “ಹೆಸರಿಲ್ಲದಿದ್ದರೆ ಯಾರು ಕೊಳ್ಳುತ್ತಾರೆ?” ಎಂಬ ಅವನ ಗೆಳೆಯರ ಕೊರಗು ಸುಳ್ಳಲ್ಲ. ಮುಖಪುಟದಲ್ಲಿ ಆಟದ ಹೆಸರು ಬಾರದ ಆ ಪುಸ್ತಕವು ನಿಧಾನವಾಗಿಯೇ ಖರ್ಚಾಗುತ್ತಿದೆ.

ಇದು ದೂರದ ಕಂಪೆನಿಯ ಕಥೆ, ನಮಗೇನು ಎನ್ನುವವರು ಉಡುಪಿಯ ವ್ಯಾಜ್ಯವೊಂದನ್ನು ನೆನೆಯಬೇಕು. ಶಿವರಾಮ ಕಾರಂತರು ಯಕ್ಷಗಾನವನ್ನು ಪರಿಷ್ಕರಿಸಿ, ಆಟದ ಅವಧಿಯನ್ನು ಮೊಟಕುಮಾಡಿ, ಪಿಟೀಲು ಸ್ಯಾಕ್ಸೊಫೋನುಗಳನ್ನು ಕೂಡಿಸಿ, ರಾಗ ವೇಷ ನೃತ್ಯಗಳಲ್ಲಿ ಮಾರ್ಪಾಡುಗಳನ್ನು ತಂದು ಯಕ್ಷರಂಗವೆಂಬ ಹೊಸ ರೂಪವನ್ನು ಬೆಳೆಸಿದರು. ಭೀಷ್ಮವಿಜಯ, ನಳದಮಯಂತಿ, ಪಂಚವಟಿ, ಅಭಿಮನ್ಯುವಧೆ ಮೊದಲಾದ ಏಳು ಪ್ರಸಂಗಗಳು ಆ ರೀತಿಯಲ್ಲಿ ಸಿದ್ಧವಾದುವು. ಅವರು 1994ರಲ್ಲಿ ಉಯಿಲನ್ನು ಬರೆದು, 1997ರ ಡಿಸೆಂಬರಿನಲ್ಲಿ ತೀರಿಕೊಂಡರು. ಬಹುಕಾಲ ಅವರ ಸಾಹಿತ್ಯಸೇವೆಯಲ್ಲಿ ನೆರವಾಗಿದ್ದ ಮಾಲಿನಿ ಮಲ್ಯರಿಗೆ ಉಯಿಲಿನ ಮೂಲಕ ಕೃತಿಸ್ವಾಮ್ಯವು ಸಂದಿತ್ತು. 2001ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಸಂಸ್ಥೆಯ ಆಶ್ರಯದಲ್ಲಿ ದಿಲ್ಲಿಯಲ್ಲಿ ಅಭಿಮನ್ಯುವಧೆಯ ಪ್ರದರ್ಶನವಾಗಲು, ಅಪ್ಪಣೆಯಿಲ್ಲದೆ ಆಡಿದರೆಂದು ಅವರು ನ್ಯಾಯಾಲಯಕ್ಕೆ ಹೋದರು. ವ್ಯಾಜ್ಯವು ಮೆಟ್ಟಲುಮೆಟ್ಟಲಾಗಿ ಏರಿ, 2009ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಮುಗಿಯಿತು. ಹಕ್ಕು ಮಲ್ಯರದೇ ಎಂದು ನ್ಯಾಯಾಲಯವು ಎತ್ತಿಹಿಡಿಯಿತು. ಆದರೆ ಅದರೊಂದಿಗೇ, ಕಾಯಿದೆಯ 52ನೆಯ ಕಲಮಿನಲ್ಲಿ ಹೇಳಿರುವ ವಿನಾಯಿತಿಗಳಿಗೆ ಪ್ರತಿಬಂಧವು ತಾಗದೆಂದೂ ಹೇಳಿತು: ಅಧ್ಯಯನ ವಿಮರ್ಶೆಗಳಿಗಾಗಿ ನ್ಯಾಯವಾಗಿ ಬಳಸುವುದಕ್ಕೂ, ವಿದ್ಯಾಸಂಸ್ಥೆಯೊಳಗೆ ಕಾಯಿದೆ ಹೇಳಿದಂತೆ ಆಡುವುದಕ್ಕೂ, ಹವ್ಯಾಸಿ ಸಂಘವು ಟಿಕೆಟಿಲ್ಲದ ಸಭೆಯ ಮುಂದೆ ಆಡುವುದಕ್ಕೂ ಅಡ್ಡಿಯಿಲ್ಲ.

ಈ ಕೊನೆಯ ಮಾತು ನಮ್ಮಂಥ ಸಂಘಗಳಿಗೆ ಪ್ರಾಣದಂತಿದೆ. ಶನಿವಾರ ಸಂಜೆ ದೇವಸ್ಥಾನದ ಪೌಳಿಯಲ್ಲಿ ಚಾಪೆಹಾಸಿ ಕೂಟವನ್ನು ನಡೆಸುವ ಹವ್ಯಾಸಿಗಳು ಕೇಳುಗರಿಂದ ಕಾಸು ಪಡೆಯುವುದಿಲ್ಲ. ಆದುದರಿಂದ ಇತ್ತೀಚಿನ ಕವಿಗಳ ಪ್ರಸಂಗವನ್ನಾದರೂ ನಾವು ನಿರ್ಭಯವಾಗಿ ಹಾಡಬಹುದು. ಆದರೆ ಹಾಡುವುದಕ್ಕೆ ಇರುವ ಈ ವಿನಾಯಿತಿಯು ಅಚ್ಚುಹಾಕಿಸುವುದಕ್ಕೆ ಇಲ್ಲ. ಆ ಇಕ್ಕಟ್ಟು ನಮ್ಮ ಸಂಘಕ್ಕೆ ಬಂತು. ಮೂವತ್ತು ವರ್ಷಗಳಿಗೆ ಹಿಂದೆ ತೀರಿಕೊಂಡ ಕವಿಯೊಬ್ಬರ ಕೈಬರಹದ ಪ್ರಸಂಗ ನಮ್ಮಲ್ಲಿತ್ತು; ನಕಲಿನ ನಕಲಾಗಿ ಅಕ್ಷರಗಳು ಮಾಸಿದ್ದುವು. ವಾರ್ಷಿಕೋತ್ಸವಕ್ಕೆ ಅದನ್ನು ಪುಸ್ತಕವಾಗಿ ತರಬೇಕೆಂದು ಸಂಘದಲ್ಲಿ ಗೊತ್ತಾಯಿತು. ಅವರ ಮನೆಯವರನ್ನು ಕೇಳಬೇಕೆಂದು ನಾನು ಸೂಚಿಸಲು, ಹಿರಿಯ ಅರ್ಥಧಾರಿಯೊಬ್ಬರು ನಕ್ಕು, “ಭಾರತದ ಕಥೆಗೆ ಯಾರ ಅಪ್ಪಣೆ? ವ್ಯಾಸರ ಮಕ್ಕಳನ್ನು ಹುಡುಕಿಕೊಂಡು ಹೋಗಬೇಕೇ?” ಎಂದರು. ಕಥೆ ವ್ಯಾಸರದು, ಪದ ಇವರದು. ವ್ಯಾಸರ ಕಥೆಯಷ್ಟೇ ಸಾಕೆಂದಿದ್ದರೆ ಪದಗಳನ್ನು ನಾವೇ ಕಟ್ಟಿಕೊಳ್ಳಬೇಕಾಗಿತ್ತು ಎಂದೆನು. ಅವರು ಸುಮ್ಮನಾದರು, ಒಪ್ಪಿದರೆಂದು ಹೇಳಲಾರೆ.

ಕವಿಯ ಪತ್ನಿಯವರೇ ನಾನು ಮೊದಲು ಹೇಳಿದ ವೃದ್ಧೆ. ಅವರ ಚಾವಡಿಯಲ್ಲಿ ಕುಳಿತು ವಿಷಯವನ್ನು ಬಿನ್ನವಿಸಿದೆವು. ಮುಂಬಯಿಯಿಂದ ಊರಿಗೆ ಬಂದಿದ್ದ ಹಿರಿಯ ಮಗನು ಒಪ್ಪಲಿಲ್ಲ. ಹಿಂದೆ ಒಂದು ಮೇಳದವರು ಆ ಪ್ರಸಂಗವನ್ನು ತಿರುಗಾಟದುದ್ದಕ್ಕೂ ಟಿಕೆಟಿಟ್ಟು ಆಡಿದ್ದರಂತೆ. ಕರಪತ್ರದಲ್ಲಿ ಕವಿಯ ಹೆಸರಿರಲಿಲ್ಲ. ಮಂಗಳಪದದಲ್ಲಿದ್ದ ಊರದೇವರ ಅಂಕಿತವನ್ನು ತೆಗೆದು ಬೇರೊಂದು ಕ್ಷೇತ್ರದ ಹೆಸರನ್ನು ಸೇರಿಸಿದ್ದರು. “ಅಪ್ಪ ನೆಲದ ಟಿಕೆಟನ್ನು ಕೊಂಡು, ಗುಂಪಿನ ನಡುವೆ ಕುಳಿತು, ಆ ಆಟವನ್ನು ಬೆಳಗಿನವರೆಗೆ ನೋಡಿ ಬಂದರು. ನಮ್ಮೊಡನೆ ಏನನ್ನೂ ಹೇಳಲಿಲ್ಲ” ಎಂದು ಮಗನು ಹೇಳುವಾಗ ಅವನ ಕಂಠ ಗಡುಸಾಗಿತ್ತು. ತಾಯಿಯು ಬಹಳ ಹೊತ್ತು ಕೇಳುತ್ತಿದ್ದು, ಕೊನೆಗೆ ನನ್ನ ಕಡೆ ತಿರುಗಿ, “ಹಣದ ಮಾತು ಬೇಡ. ಅವರ ಹೆಸರು ಮುಖಪುಟದಲ್ಲಿರಲಿ. ಕೊನೆಯ ಪದವನ್ನು ಅವರು ಬರೆದ ಹಾಗೆಯೇ ಇಡಿ. ಕೇಳಲಿಕ್ಕೆಂದು ಈ ಮೆಟ್ಟಲನ್ನು ಹತ್ತಿದವರು ನೀವೇ ಮೊದಲು” ಎಂದರು.

ಆ ಕೊನೆಯ ಪದದ ಬೆಲೆಯನ್ನು ಬಲ್ಲವರೇ ಬಲ್ಲರು. ನಮ್ಮ ಹಳೆಯ ಕವಿಗಳಿಗೆ ಕಾಯಿದೆಯೂ ಇರಲಿಲ್ಲ, ನೋಂದಣಿಯ ಕಚೇರಿಯೂ ಇರಲಿಲ್ಲ, ಇದ್ದುದು ಅಂಕಿತವೊಂದೇ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿರುವ ಪ್ರಸಂಗಗಳು ನಿಜವಾಗಿ ಯಾರವೆಂದು ಕಾರಂತರಿಗೂ ಕುಕ್ಕಿಲ ಕೃಷ್ಣ ಭಟ್ಟರಿಗೂ ದೀರ್ಘವಾದ ವಾದ ನಡೆದಾಗ, ಪದಗಳೊಳಗೆ ಬರುವ ದೇವರ ಮತ್ತು ಊರಿನ ಹೆಸರುಗಳನ್ನೇ ವಿದ್ವಾಂಸರು ಸಾಕ್ಷಿಗೆ ಕರೆಯಬೇಕಾಯಿತು. ಹೆಸರನ್ನು ಬಯಸದ ಕವಿಗಳೂ ನಮ್ಮಲ್ಲಿ ಇದ್ದರೆನ್ನಿ. ನಂದಳಿಕೆಯ ಮುದ್ದಣನು ತಾನು ಬರೆದುದನ್ನೇ ಪ್ರಾಚೀನರ ಕೃತಿಯೆಂದು ಪತ್ರಿಕೆಗೆ ಕಳುಹಿಸಿದ್ದನು. ಆದರೆ ತನ್ನ ಹೆಸರನ್ನು ತಾನೇ ಮರೆಮಾಡುವುದು ಬೇರೆ, ಇನ್ನೊಬ್ಬರು ಅದನ್ನು ಅಳಿಸುವುದು ಬೇರೆ. ಇಂದಿನ ಕಾಯಿದೆಯ 57ನೆಯ ಕಲಮು, ಕೃತಿಯನ್ನು ಮಾರಿದ ಮೇಲೆಯೂ ಅದು ತನ್ನದೆಂದು ಹೇಳಿಕೊಳ್ಳುವ ಹಕ್ಕನ್ನೂ, ಮಾನಕ್ಕೆ ಕುಂದು ಬರುವಂತೆ ಅದನ್ನು ತಿರುಚಿದರೆ ತಡೆಯುವ ಹಕ್ಕನ್ನೂ ಕರ್ತೃವಿಗೆ ಕಾದಿರಿಸಿದೆ. ಆ ತಾಯಿಗೆ ಕಲಮಿನ ಸಂಖ್ಯೆ ತಿಳಿಯದು. ಕೇಳಿದುದು ಮಾತ್ರ ಅದನ್ನೇ.

ಬಾಯಿಮಾತು ಸಾಲದೆಂದು, ಅಪ್ಪಣೆಯನ್ನು ಬರೆದು ಪಡೆದೆವು. ಕಾಲವನ್ನು ಹೇಳದಿದ್ದರೆ 5 ವರ್ಷವೆಂದೂ, ಸ್ಥಳವನ್ನು ಹೇಳದಿದ್ದರೆ ಭಾರತದೊಳಗೆಂದೂ ಕಾಯಿದೆಯು ತಿಳಿಯುವುದರಿಂದ, ಒಂದೇ ಮುದ್ರಣ, 500 ಪ್ರತಿ, ಖರ್ಚಿಗೆ ಮೀರದ ಬೆಲೆ ಎಂದು ಬಿಡಿಸಿ ಬರೆದೆವು. ಮರುಮುದ್ರಣಕ್ಕೆ ಮತ್ತೆ ಕೇಳಬೇಕೆಂದು ಹಿರಿಯ ಮಗನೇ ಸೇರಿಸಿದನು. ದೂರದೇಶದಲ್ಲಿದ್ದ ಕಿರಿಯ ಮಗನ ಸಮ್ಮತಿ ಬರಲು ಏಳು ತಿಂಗಳು ಹಿಡಿಯಿತು. ಅಷ್ಟರಲ್ಲಿ ವಾರ್ಷಿಕೋತ್ಸವವು ಪುಸ್ತಕವಿಲ್ಲದೆಯೇ ಕಳೆದುಹೋಯಿತು. ಕೊಡುತ್ತೇನೆಂದಿದ್ದ ದಾನಿಯೊಬ್ಬರು ಕೈಬಿಟ್ಟರು. ನಕ್ಕಿದ್ದ ಹಿರಿಯರು, “ಸುಮ್ಮನೆ ಅಚ್ಚುಹಾಕಿಸಿದ್ದರೆ ಯಾರು ಕೇಳುತ್ತಿದ್ದರು?” ಎಂದು ಮತ್ತೊಮ್ಮೆ ಹೇಳಿದರು. ಯಾರೂ ಕೇಳುತ್ತಿರಲಿಲ್ಲವೆಂಬುದು ನಿಜ. ನೆಲದ ಟಿಕೆಟು ಕೊಂಡ ಕವಿಯೂ ಯಾರನ್ನೂ ಕೇಳಿರಲಿಲ್ಲ.

ಒಡೆಯರಾದವರಲ್ಲಿಯೂ ನನ್ನದೊಂದು ವಿಜ್ಞಾಪನೆಯಿದೆ. ಬೀಗ ಹಾಕಿಟ್ಟ ಪ್ರಸಂಗವು ಗೆದ್ದಲಿನ ಪಾಲು. ಪ್ರೀತಿಯಿಂದ ಹಾಡುವವರೂ ನಕಲುಮಾಡುವವರೂ ಇಲ್ಲದಿದ್ದರೆ ನಮ್ಮ ಯಕ್ಷಗಾನ ಸಾಹಿತ್ಯವು ಎಂದೋ ನಾಶವಾಗುತ್ತಿತ್ತು. ಯಾವುದಕ್ಕೆ ಕೇಳಬೇಕು, ಯಾವುದಕ್ಕೆ ಬೇಡ ಎಂಬುದನ್ನು ಮೊದಲೇ ತಿಳಿಸಿಟ್ಟರೆ ಅಭಿಮಾನಿಗೆ ಅಂಜಿಕೆಯಿಲ್ಲ, ಹಕ್ಕುದಾರನಿಗೆ ಹಾನಿಯಿಲ್ಲ. ತನಗೆ ಹಕ್ಕೇ ಬೇಡವೆನ್ನುವ ಕರ್ತೃವು ಕಾಯಿದೆಯ 21ನೆಯ ಕಲಮಿನಂತೆ ಅದನ್ನು ಬಹಿರಂಗವಾಗಿ ಬಿಟ್ಟುಕೊಡಲೂ ಬಹುದು. ಇನ್ನು ಮನೆಯಲ್ಲಿ ಬರೆಯುವವರಿದ್ದರೆ, ಗದ್ದೆ ಹಿತ್ತಿಲುಗಳ ಉಯಿಲಿನಲ್ಲಿ ಬರಹದ ಹಕ್ಕು ಯಾರಿಗೆಂದು ಒಂದು ಸಾಲನ್ನು ತಿಳಿಯಾಗಿ ಬರೆಯಿಸಿರಿ. ಕಾರಂತರ ಉಯಿಲಿನ ಒಂದೊಂದು ಮಾತಿನ ಅರ್ಥಕ್ಕೂ ನ್ಯಾಯವಾದಿಗಳು ದಿಲ್ಲಿಯವರೆಗೆ ಹೋಗಬೇಕಾಯಿತೆಂಬುದನ್ನು ಮರೆಯಬಾರದು.

ವಾಚಕರೇ, ಈ ಜಿಲ್ಲೆಯ ಹಳೆಯ ಮನೆಗಳ ಅಟ್ಟಗಳಲ್ಲಿ, ಮರದ ಪೆಟ್ಟಿಗೆಗಳಲ್ಲಿ, ಅಜ್ಜನೋ ಅಜ್ಜನ ತಮ್ಮನೋ ಬರೆದಿಟ್ಟ ಪ್ರಸಂಗದ ಕಟ್ಟುಗಳು ಇನ್ನೂ ಇವೆ. ಮಳೆಗಾಲ ಹಿಡಿಯುವ ಮೊದಲು ಅವನ್ನು ಒಮ್ಮೆ ಇಳಿಸಿ ಬಿಸಿಲಿಗೆ ಹಿಡಿಯಿರಿ. ಹಿಡಿದಾಗ ಕೊನೆಯ ಹಾಳೆಯನ್ನು ತೆರೆದು ಮಂಗಳಪದವನ್ನು ಓದಿರಿ. ಕಟ್ಟಿನ ಮೇಲೆ ಬರೆದವರ ಹೆಸರನ್ನೂ ಊರನ್ನೂ ಅವರು ತೀರಿಕೊಂಡ ವರ್ಷವನ್ನೂ ಬರೆದಿಡಿರಿ. ನಾಳೆ ಯಾರಾದರೂ ಹುಡುಗನೊಬ್ಬನು ಅಪ್ಪಣೆ ಕೇಳಲು ಬಂದರೆ, ಯಾರನ್ನು ಕೇಳಬೇಕೆಂದಾದರೂ ಅವನಿಗೆ ತಿಳಿಯುವುದು.